ಆಗಸ್ಟ್ 15ರ ಸಿಹಿ: ಮದ್ರಸದಿಂದ ಶಾಲೆಯವರೆಗೆ

ಸ್ವಾತಂತ್ರ್ಯ ದಿನ ಬಂತೆಂದರೆ ನಮ್ಮ ಕಡೆಯ ಮಕ್ಕಳಿಗೆ ಅದು ಎರಡು ಸಿಹಿಯ ದಿನ. ಬೆಳಿಗ್ಗೆ ಮದ್ರಸದಲ್ಲಿ ಒಂದು, ಆಮೇಲೆ ಶಾಲೆಯಲ್ಲಿ ಒಂದು. ದಾರಿಯಲ್ಲಿ ರಿಕ್ಷಾ ಪಾರ್ಕಿನವರು ಧ್ವಜ ಹಾರಿಸಿದ್ದರೆ ಮೂರನೆಯದು. ತಂಗಿಯನ್ನು ಅಂಗನವಾಡಿಗೆ ಬಿಡಲು ಹೋದವನಿಗೆ ನಾಲ್ಕನೆಯದು. ಯುವಕರ ಕ್ಲಬ್ ಇರುವ ಊರಾದರೆ ಐದನೆಯದೂ ಸಿಗುತ್ತದೆ. ಮರುದಿನ ಮದ್ರಸಕ್ಕೆ ಬಂದಾಗ ಯಾರಿಗೆ ಎಷ್ಟು ಸಿಕ್ಕಿತು ಎಂಬುದರದ್ದೇ ಲೆಕ್ಕಾಚಾರ. ಭಾಷಣದಲ್ಲಿ ಎಂತ ಹೇಳಿದರು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಲಡ್ಡು ದೊಡ್ಡದೋ ಸಣ್ಣದೋ ಎಂದು ಕೇಳಿದರೆ ಇಡೀ ತರಗತಿ ಒಟ್ಟಿಗೆ ಉತ್ತರ ಕೊಡುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಮಕ್ಕಳಿಗೆ ಹಬ್ಬ ತಿಳಿಯುವುದು ನಾಲಿಗೆಯಿಂದಲೇ. ಪೆರ್ನಾಲ್ ಎಂದರೆ ಅವರಿಗೆ ಮೊದಲು ನೆನಪಾಗುವುದು ಹೊಸ ಬಟ್ಟೆ ಮತ್ತು ನೆಯಿಚೋರು, ಆಮೇಲೆ ತಕ್ಬೀರ್. ದೇಶದ ಹಬ್ಬವೂ ಹಾಗೆಯೇ. ಆದರೆ ಈ ಒಂದು ಲಡ್ಡಿನ ಹಿಂದೆ ನಾವು ದೊಡ್ಡವರು ಯೋಚಿಸಬೇಕಾದ ಕೆಲವು ಸಂಗತಿಗಳು ಉಂಟು. ಈ ವಾರ ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಕರಾವಳಿಯಲ್ಲಿ ಆಗಸ್ಟ್ 15 ಬರುವುದು ಆಟಿ ತಿಂಗಳ ಕೊನೆಯ ದಿನಗಳಲ್ಲಿ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಎಷ್ಟೋ ಸಲ ಧ್ವಜದ ಹಗ್ಗ ಎಳೆದಾಗ ಒಳಗೆ ಕಟ್ಟಿಟ್ಟ ಹೂವಿನ ಎಸಳು ಒದ್ದೆಯಾಗಿ ಬಾವುಟಕ್ಕೇ ಅಂಟಿಕೊಂಡಿರುತ್ತದೆ. ಮಕ್ಕಳು ಕೊಡೆ ಮಡಚಿ ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲುತ್ತಾರೆ, ಮುಗಿದ ಕೂಡಲೇ ಕೊಡೆ ಬಿಚ್ಚಿ ಸಿಹಿಯ ಸಾಲಿಗೆ ಓಡುತ್ತಾರೆ. ಹಳೆಯ ಕಾಲದಲ್ಲಿ ಆಟಿ ಎಂದರೆ ಬಡತನದ ತಿಂಗಳು. ಬೇಸಾಯದ ಕೆಲಸ ಮುಗಿದು, ಅಕ್ಕಿಮುಡಿ ಖಾಲಿಯಾಗುತ್ತಾ ಬಂದು, ಹಲಸಿನ ಬೀಜ, ಕೆಸುವಿನ ಎಲೆ, ಕಣಿಲೆ, ತಜಂಕಿನ ಸೊಪ್ಪಿನಲ್ಲಿ ದಿನ ದೂಡುವ ಸಮಯ. ಕಡಲಿಗೆ ಇಳಿಯುವವರ ಮನೆಯಲ್ಲೂ ಮಳೆಗಾಲಕ್ಕೆ ಕೈ ಖಾಲಿ. ಅಂಥ ದಿನಗಳಲ್ಲಿ ಶಾಲೆಯಲ್ಲಿ ಕೈಗೆ ಬಿದ್ದ ಒಂದು ತುಂಡು ಸಿಹಿ ಎಂದರೆ ಸಣ್ಣ ಮಾತಲ್ಲ. ಈಗಿನ ಮಕ್ಕಳಿಗೆ ಚಾಕಲೇಟು ದಿನಾ ಸಿಗುತ್ತದೆ. ನಮ್ಮ ಹಿರಿಯರಿಗೆ ಅದು ವರ್ಷದಲ್ಲಿ ನೆನಪಿಟ್ಟುಕೊಳ್ಳುವ ದಿನವಾಗಿತ್ತು.

ನಾವು ಶಾಲೆಗೆ ಹೋಗುವಾಗ ಕಾಗದದಲ್ಲಿ ಸುತ್ತಿದ ಪೆಪ್ಪರ್‌ಮಿಂಟು, ಕಿತ್ತಳೆ ಮಿಠಾಯಿ, ಕಡಲೆ ಮಿಠಾಯಿ ಕೊಡುತ್ತಿದ್ದರು. ದಾನಿಗಳು ಸಿಕ್ಕಿದ ವರ್ಷ ಬೂಂದಿ ಲಡ್ಡು. ಲಡ್ಡು ಇದ್ದ ವರ್ಷ ಹಾಜರಿ ಪೂರ್ತಿ. ಆಮೇಲೆ ಬಣ್ಣದ ಕಾಗದದ ಚಾಕಲೇಟು ಬಂತು, ಈಗ ಕೆಲವು ಕಡೆ ಪಾಯಸ, ಅವಲಕ್ಕಿ, ಸಜ್ಜಿಗೆಯೂ ಉಂಟು. ಕೇಕು ಕತ್ತರಿಸುವವರೂ ಇದ್ದಾರೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬ್ಯಾರಿ ಮನೆಗಳಿಗೆ ಹೀಗೆ ಸಾಲಾಗಿ ನಿಲ್ಲಿಸಿ ಸಿಹಿ ಹಂಚುವುದು ಹೊಸತಲ್ಲ. ನಮ್ಮಲ್ಲಿ ಚೀರ್ಣಿ ಎಂಬ ಮಾತೇ ಉಂಟಲ್ಲ! ಮೌಲಿದ್ ಮುಗಿದ ಮೇಲೆ, ಮಜ್ಲಿಸ್ ಮುಗಿದ ಮೇಲೆ, ಮಗು ಕುರ್‌ಆನ್ ಓದಿ ಮುಗಿಸಿದ ದಿನ, ಮಸೀದಿಯ ಬಾಗಿಲಲ್ಲಿ ಒಬ್ಬರು ಪಾತ್ರೆ ಹಿಡಿದು ನಿಲ್ಲುತ್ತಾರೆ. ಬಂದವರಿಗೆಲ್ಲ ಒಂದು ಪಾಲು. ಮನೆಗೆ ಕೊಂಡುಹೋಗಲು ಕಾಗದದಲ್ಲಿ ಒಂದು ಪೊಟ್ಟಣ. ಬಾರದವರ ಪಾಲನ್ನೂ ಕೇಳಿ ಕೊಂಡುಹೋಗುವ ಕ್ರಮ ಉಂಟು. ಮೀಲಾದ್ ಮೆರವಣಿಗೆಯ ದಿನ ದಾರಿಬದಿಯ ಮನೆಗಳವರು ಶರಬತ್ತು, ಪಾಯಸ, ಐಸ್‌ಕ್ರೀಂ ಕೊಡುತ್ತಾರೆ. ಅದೇ ಕೈ, ಅದೇ ಪಾತ್ರೆ, ಅದೇ ಸೌಟು ಆಗಸ್ಟ್ 15ಕ್ಕೂ ಮದ್ರಸದ ಅಂಗಳಕ್ಕೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ಸ್ವಾತಂತ್ರ್ಯ ದಿನದ ಸಿಹಿಗೆ ಚೀರ್ಣಿಯ ರುಚಿಯೂ ಸೇರಿಕೊಂಡಿದೆ. "ಉಸ್ತಾದೇ, ಇವತ್ತು ಚೀರ್ಣಿ ಎಂತದು?" ಎಂದು ಧ್ವಜಾರೋಹಣದ ದಿನ ಸಣ್ಣ ಮಕ್ಕಳು ಕೇಳುವುದನ್ನು ಎಲ್ಲ ಉಸ್ತಾದರೂ ಕೇಳಿರುತ್ತಾರೆ.

ಇನ್ನು ಒಂದು ಚರಿತ್ರೆಯ ವಿಷಯ. ನಮ್ಮ ಮಕ್ಕಳಿಗೆ ಬಿಡಿ, ದೊಡ್ಡವರಲ್ಲೂ ಅನೇಕರಿಗೆ ಇದು ಗೊತ್ತಿರುವುದಿಲ್ಲ. 1947ರ ಆಗಸ್ಟ್ 15 ಶುಕ್ರವಾರವಾಗಿತ್ತು. ಅದು ಹಿಜರಿ 1366ರ ರಮಝಾನ್ ತಿಂಗಳು. ಆ ಶುಕ್ರವಾರ ಆ ವರ್ಷದ ರಮಝಾನಿನ ಕೊನೆಯ ಜುಮಾ. ಮೂರು ದಿನ ಕಳೆದು ಆಗಸ್ಟ್ 18ರ ಸೋಮವಾರ ಈದುಲ್ ಫಿತ್ರ್. ದೆಹಲಿಯಲ್ಲಿ ಮಧ್ಯರಾತ್ರಿ ಅಧಿಕಾರ ಹಸ್ತಾಂತರವಾದ ಆ ರಾತ್ರಿ ರಮಝಾನಿನ 27ನೇ ರಾತ್ರಿ. ಲೈಲತುಲ್ ಖದ್ರ್ ಅನ್ನು ನಿರೀಕ್ಷಿಸಿ ಮುಸ್ಲಿಮರು ಎಚ್ಚರವಿದ್ದು ಇಬಾದತ್ ಮಾಡುವ ರಾತ್ರಿ. ದೇಶ ಎಚ್ಚರಗೊಂಡ ಹೊತ್ತಿಗೆ ನಮ್ಮ ಮಸೀದಿಗಳಲ್ಲಿ ದೀಪ ಆರಿರಲಿಲ್ಲ ಎಂದು ಹೇಳಿದರೆ ಅದು ಅಲಂಕಾರದ ಮಾತಲ್ಲ.

ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಸ್ವತಂತ್ರ ಭಾರತದ ಮೊದಲ ಹಗಲಿನಲ್ಲಿ ನಮ್ಮ ಹಿರಿಯರು ನೋಂಬಿನಲ್ಲಿದ್ದರು. ಸಿಹಿ ಯಾರು ಹಂಚಿದ್ದರೂ ಅವರು ಬಾಯಿಗೆ ಹಾಕಿದ್ದು ಮಗ್ರಿಬ್ ಬಾಂಗ್ ಆದ ಮೇಲೆಯೇ. ಮೊದಲು ಕಾರಕ್ಕ ಅಥವಾ ನೀರು, ಆಮೇಲೆ ಗಂಜಿ, ಆಮೇಲೆ ಆ ಸಿಹಿ. ಉಪವಾಸ ಬಿಡುವಾಗಲೇ ಸ್ವಾತಂತ್ರ್ಯದ ರುಚಿ ನೋಡಿದ ಪೀಳಿಗೆ ಅದು. ಈ ಮಾತನ್ನು ನಾನು ಪ್ರತಿ ವರ್ಷ ಧ್ವಜದ ಕೆಳಗೆ ನಿಂತು ಮಕ್ಕಳಿಗೆ ಹೇಳುತ್ತೇನೆ. ಬೇರೆ ಭಾಷಣ ಮರೆತರೂ ಇದನ್ನು ಅವರು ಮರೆಯುವುದಿಲ್ಲ, ಯಾಕೆಂದರೆ ಇದರಲ್ಲಿ ತಿನ್ನುವ ವಿಷಯ ಉಂಟು.

ಚಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಮಝಾನ್ ವರ್ಷ ವರ್ಷ ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಈ ಸುತ್ತಿನಲ್ಲಿ ಅದು ಆಗಸ್ಟ್ 15ನ್ನೂ ಜನವರಿ 26ನ್ನೂ ದಾಟಿಕೊಂಡು ಹೋಗುತ್ತದೆ. 1978, 1979ರಲ್ಲಿ ಸ್ವಾತಂತ್ರ್ಯ ದಿನ ನೋಂಬಿನಲ್ಲಿ ಬಂತು. 1996, 1997, 1998 ಈ ಮೂರೂ ವರ್ಷ ಗಣರಾಜ್ಯೋತ್ಸವ ನೋಂಬಿನಲ್ಲಿ ಬಂತು. 2010, 2011, 2012ರಲ್ಲಿ ಮತ್ತೆ ಆಗಸ್ಟ್ 15.

ತೊಂಬತ್ತರ ದಶಕದ ಆ ಮೂರು ವರ್ಷ ನನಗೆ ಎಸೆಸೆಲ್ಸಿಯಿಂದ ಪಿಯುಸಿ ಮುಗಿಯುವವರೆಗಿನ ಕಾಲ. ಜನವರಿಯ ಬೆಳಿಗ್ಗೆ, ಮಂಜು ಆರದ ಮೈದಾನ, ಬಿಳಿ ಅಂಗಿ. ಅತ್ತಾಯಕ್ಕೆ ಉಂಡದ್ದು ಕರಗುವ ಮೊದಲೇ ಕವಾಯತು. ಕೊನೆಗೆ ಲಡ್ಡು. ನೋಂಬು ಹಿಡಿದ ನಾವು ಏಳೆಂಟು ಮಂದಿ ಲಡ್ಡನ್ನು ಪೇಪರಿನಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದೆವು. ಮನೆ ಮುಟ್ಟುವಾಗ ಎದೆಯ ಮೇಲೆ ಎಣ್ಣೆಯ ಒಂದು ದೊಡ್ಡ ವೃತ್ತ. ಉಮ್ಮ ಅಂಗಿ ನೋಡಿ ಬೈಯುತ್ತಿದ್ದರು, ಪೊಟ್ಟಣ ಬಿಚ್ಚಿ ನೋಡಿ ಸುಮ್ಮನಾಗುತ್ತಿದ್ದರು. ಪುಡಿಯಾದ ಆ ಲಡ್ಡನ್ನು ಒಂದು ಪಿಂಗಾಣಿಗೆ ಹಾಕಿ ಮುಚ್ಚಿಡುವುದು. ಸಂಜೆ ಮನೆಯಲ್ಲಿದ್ದ ಏಳು ಮಂದಿಗೂ ಒಂದೊಂದು ಚಮಚ. ಶಾಲೆಯಲ್ಲೇ ತಿಂದಿದ್ದರೆ ಅದು ನನ್ನೊಬ್ಬನ ಲಡ್ಡು ಆಗಿ ಮುಗಿಯುತ್ತಿತ್ತು. ನೋಂಬಿನ ದೆಸೆಯಿಂದ ಗಣರಾಜ್ಯೋತ್ಸವ ಅಡುಗೆಮನೆಯವರೆಗೆ ಬಂತು. ಓದು ಬಾರದ ಅಜ್ಜಿ ಕೂಡ "ಇದು ಎಂತದರ ಚೀರ್ಣಿ?" ಎಂದು ಕೇಳಿ, ನಾನು ಹೇಳಿದ ವಿವರಣೆ ಪೂರ್ತಿ ಕೇಳಿಯೇ ಬಾಯಿಗೆ ಹಾಕಿದವರು.

2010ರಿಂದ 2012ರ ಹೊತ್ತಿಗೆ ನಾನು ಸಾಲಿನ ಈಚೆ ಬದಿಗೆ ಬಂದಿದ್ದೆ. ರಮಝಾನಿನಲ್ಲಿ ಮದ್ರಸಕ್ಕೆ ರಜೆ. ಆದರೂ ಮಸೀದಿಯ ಅಂಗಳದಲ್ಲಿ ಬೆಳಿಗ್ಗೆ ಧ್ವಜ ಹಾರಿಸಿ, ಸಿಹಿಯನ್ನು ಮಾತ್ರ ಸಂಜೆ ಇಫ್ತಾರಿನ ಜೊತೆಗೆ ಕೊಡುವುದು ಎಂದು ನಮ್ಮಲ್ಲಿ ತೀರ್ಮಾನವಾಯಿತು. ಮಕ್ಕಳಿಗೆ ಇದು ಭಾರೀ ಖುಷಿ. ಬೆಳಿಗ್ಗೆಯೂ ಬರಬಹುದು, ಸಂಜೆಯೂ ಬರಬಹುದು! ಆಗ ಒಂದು ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಕ್ರಮ ಮಾಡಿದ್ದರು. ನೋಂಬಿನ ಮಕ್ಕಳ ಪಾಲನ್ನು ಮೊದಲೇ ಬೇರೆ ಪೊಟ್ಟಣ ಕಟ್ಟಿಸಿ, ಮನೆಗೆ ಹೊರಡುವಾಗ ಕೈಗೆ ಕೊಟ್ಟರು. ಯಾರನ್ನೂ ಸಾಲಿನಿಂದ ಹೊರಗೆ ನಿಲ್ಲಿಸಲಿಲ್ಲ, "ನಿನಗೆ ಉಪವಾಸವಾ?" ಎಂದು ಮೈಕಿನಲ್ಲಿ ಕೇಳಲಿಲ್ಲ. ಕೇಳಿದ್ದು ಹಿಂದಿನ ದಿನ ತರಗತಿಯಲ್ಲಿ, ಮೆಲ್ಲಗೆ. ದೊಡ್ಡ ಸೌಹಾರ್ದ ಕಾರ್ಯಕ್ರಮಗಳಿಗಿಂತ ನನಗೆ ಈ ಪೊಟ್ಟಣ ಹೆಚ್ಚು ಇಷ್ಟ.

ಎಲ್ಲ ಕಡೆ ಹೀಗೆ ನಡೆಯುವುದಿಲ್ಲ ಎಂಬುದೂ ನಿಜ. "ಒಂದು ತಿಂದರೆ ಏನಾಗ್ತದೆ, ಯಾರಿಗೆ ಗೊತ್ತಾಗ್ತದೆ?" ಎಂದು ಸಲಿಗೆಯಿಂದ ಹೇಳುವ ಅಧ್ಯಾಪಕರು ಇದ್ದಾರೆ. ಕೆಟ್ಟ ಉದ್ದೇಶದಿಂದ ಅಲ್ಲ, ಮಗು ಹಸಿದಿದೆ ಎಂಬ ಕನಿಕರದಿಂದ. ಆದರೆ ಹತ್ತು ವರ್ಷದ ಹುಡುಗನಿಗೆ ಆ ಮಾತು ಎಷ್ಟು ಭಾರ ಎಂದು ಅವರಿಗೆ ತಿಳಿಯುವುದಿಲ್ಲ. ಅವನು ಬೆಳಿಗ್ಗೆಯಿಂದ ಕಾಯ್ದುಕೊಂಡು ಬಂದದ್ದು ಅದನ್ನೇ ಅಲ್ಲವೇ! ತಿನ್ನದಿದ್ದರೆ ಸರ್‌ಗೆ ಬೇಸರ, ತಿಂದರೆ ನೋಂಬು ಹೋಯಿತು. ದೇಶದ ಸಿಹಿಯನ್ನು ಬೇಡ ಅಂದ ಹುಡುಗ ಎಂದು ಪಕ್ಕದವನು ತಮಾಷೆ ಮಾಡಿದರೆ ಅಳುವೇ ಬರುತ್ತದೆ. ಮನೆಯಲ್ಲಿ ಪೋಷಕರು ಇದನ್ನು ಮೊದಲೇ ಹೇಳಿಕೊಡಬೇಕು. ಬೇಡ ಎಂದು ಕೈ ಹಿಂದೆ ಎಳೆಯುವುದಲ್ಲ, ಎರಡೂ ಕೈ ಮುಂದೆ ಚಾಚಿ ತೆಗೆದುಕೊಂಡು, "ಸಂಜೆ ತಿನ್ತೇನೆ ಸರ್" ಎಂದು ಹೇಳಲು ಕಲಿಸಬೇಕು. ಅಷ್ಟು ಹೇಳಿದರೆ ಯಾವ ಅಧ್ಯಾಪಕರೂ ಬೇಸರ ಮಾಡುವುದಿಲ್ಲ.

ಇನ್ನೊಂದು ಬದಿಯೂ ಉಂಟು. ಪ್ರಾಯಕ್ಕೆ ಬಾರದ ಮಗುವಿಗೆ ನೋಂಬು ಕಡ್ಡಾಯವಲ್ಲ. ಏಳನೇ ವಯಸ್ಸಿನಿಂದ, ಶಕ್ತಿ ಇದ್ದರೆ, ಅಭ್ಯಾಸ ಮಾಡಿಸುವುದು ನಮ್ಮ ಕ್ರಮ. ಒಂದನೇ ತರಗತಿಯ ಮಗು ಲಡ್ಡು ನೋಡಿ ತಿಂದುಬಿಟ್ಟರೆ ಮನೆಯಲ್ಲಿ ಅದನ್ನು ದೊಡ್ಡ ವಿಚಾರಣೆ ಮಾಡಬೇಕಾಗಿಲ್ಲ. ಅಣ್ಣಂದಿರು ಹೆದರಿಸುವುದನ್ನೂ ತಡೆಯಬೇಕು. ಬಿಸಿಲಿಗೋ ಹಸಿವೆಗೋ ತಲೆ ತಿರುಗುವ ಮಗುವಿಗೆ ಅಲ್ಲೇ ನೀರು, ಸಿಹಿ ಕೊಡುವುದು ಸರಿ, ಅದಕ್ಕೆ ಉಸ್ತಾದರ ಅನುಮತಿ ಬೇಡ.

ಶಾಲೆಯ ಊಟ, ಹಾಲು ಇವೆಲ್ಲ ಬಂದ ಮೇಲೆ ಈ ಪ್ರಶ್ನೆ ವರ್ಷಕ್ಕೆ ಒಂದೆರಡು ದಿನದ್ದಾಗಿ ಉಳಿದಿಲ್ಲ. ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ರಂದು. ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು. ಆ ದಿನವೂ ರಮಝಾನೇ! ರಾಜ್ಯದ ಶಾಲೆಗಳಲ್ಲಿ ಮೊದಲ ಲೋಟ ಹಾಲು ಬಂದಾಗ ನಮ್ಮ ದೊಡ್ಡ ಮಕ್ಕಳು ನೋಂಬಿನಲ್ಲಿದ್ದರು. ಪೊಟ್ಟಣ ಕಟ್ಟಿ ಮನೆಗೆ ಕೊಂಡುಹೋಗಲು ಹಾಲು ಲಡ್ಡಲ್ಲ. ಹಾಗಾಗಿ ಆ ಪಾಲು ಪಕ್ಕದ ಗೆಳೆಯನ ಲೋಟಕ್ಕೆ ಹೋಯಿತು. ಅವನಿಗೆ ಎರಡು ಲೋಟ. ಮಕ್ಕಳು ಇಂಥದ್ದನ್ನು ತಾವೇ ಚೆಂದಕ್ಕೆ ಹೊಂದಿಸಿಕೊಳ್ಳುತ್ತಾರೆ, ದೊಡ್ಡವರು ನಡುವೆ ಬಾಯಿ ಹಾಕದಿದ್ದರೆ.

ನೋಂಬಿಲ್ಲದ ವರ್ಷಗಳಲ್ಲಿ ಮದ್ರಸದ ಆಗಸ್ಟ್ 15ಕ್ಕೆ ನನ್ನ ಮತ ಪಾಯಸಕ್ಕೆ. ಅಂಗಡಿಯ ಚಾಕಲೇಟು ಸುಲಭ, ಆದರೆ ಅದರಲ್ಲಿ ಯಾರ ಕೈಯೂ ಇಲ್ಲ. ಮದ್ರಸದ ಹತ್ತಿರದ ಎರಡು ಮೂರು ಮನೆಯ ಉಮ್ಮಂದಿರು ಸೇರಿದರೆ ನೂರು ಮಕ್ಕಳ ಪಾಯಸ ದೊಡ್ಡ ಕೆಲಸವಲ್ಲ. ಎರಡೂವರೆ ಕೆಜಿ ಹೆಸರುಬೇಳೆ, ಮೂರೂವರೆ ಕೆಜಿ ಬೆಲ್ಲ, ಹತ್ತು ತೆಂಗಿನಕಾಯಿ. ಸುಬಹಿಗೆ ಎದ್ದ ಕೂಡಲೇ ಬೇಳೆಯನ್ನು ಸ್ವಲ್ಪ ಹುರಿದು ಬೇಯಲು ಇಡಬೇಕು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಲೇಬೇಕು, ಇಲ್ಲದಿದ್ದರೆ ಮಣ್ಣು ಹಲ್ಲಿಗೆ ಸಿಗುತ್ತದೆ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕುವುದು, ಮೊದಲೇ ಹಾಕಿದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ತೆಂಗಿನಕಾಯಿಯ ಎರಡನೇ ಹಾಲಿನಲ್ಲಿ ಕುದಿಸಿ, ಮೊದಲ ದಪ್ಪ ಹಾಲನ್ನು ಕೊನೆಗೆ ಹಾಕಿ, ಕುದಿ ಬರುವ ಮೊದಲೇ ಒಲೆಯಿಂದ ಇಳಿಸಬೇಕು. ಏಲಕ್ಕಿ, ಒಂದು ಚೂರು ಒಣಶುಂಠಿ. ತುಪ್ಪದಲ್ಲಿ ಹುರಿದ ಕಾಯಿಚೂರು ಇದ್ದರೆ ಮಕ್ಕಳು ತಳ ಕೆರೆಯುತ್ತಾರೆ. ಹಸುವಿನ ಹಾಲು ಬೇಡ, ಬಿಸಿಯಲ್ಲಿ ಬೆಲ್ಲ ಬಿದ್ದರೆ ಒಡೆಯುವ ಭಯ. ಸ್ಟೀಲಿನ ಲೋಟವನ್ನು ಮನೆಯಿಂದಲೇ ತರಲು ಹೇಳಿದರೆ ಅಂಗಳದಲ್ಲಿ ಕಾಗದದ ಲೋಟ ಹೆಕ್ಕುವ ಕೆಲಸವೂ ಉಳಿಯಿತು. ಮಧುಮೇಹ ಇರುವ ಮಕ್ಕಳು ಈಗ ಅಲ್ಲಲ್ಲಿ ಇದ್ದಾರೆ, ಅವರ ಉಮ್ಮಂದಿರನ್ನು ಮೊದಲೇ ಕೇಳಿ ಒಂದು ಹಿಡಿ ಕಡಲೆಯೋ ಒಂದು ಮೊಟ್ಟೆಯೋ ಬೇರೆ ತೆಗೆದಿಟ್ಟರೆ ಆ ಮಗು ಸಾಲಿನಲ್ಲಿ ಬರಿಗೈಯಲ್ಲಿ ನಿಲ್ಲುವುದು ತಪ್ಪುತ್ತದೆ.

ಈಗ ಕೇಕಿನ ವಿಷಯ, ಮೂರು ಬಣ್ಣದ ವಿಷಯ. ಕೆಲವು ವರ್ಷಗಳಿಂದ ಶಾಲೆಗಳಲ್ಲಿ ತ್ರಿವರ್ಣ ಅಡುಗೆ ಸ್ಪರ್ಧೆ ಶುರುವಾಗಿದೆ. ಕೇಸರಿ, ಬಿಳಿ, ಹಸಿರು ಇಡ್ಲಿ, ಹಲ್ವಾ, ಅನ್ನ. ರಾತ್ರಿ ಒಂಬತ್ತಕ್ಕೆ ಗುಂಪಿನಲ್ಲಿ ಮೆಸೇಜ್ ಬರುತ್ತದೆ, ಉಮ್ಮ ಅಂಗಡಿಗೆ ಓಡಿಸಿ ಬಣ್ಣದ ಪುಡಿ ತರಿಸುತ್ತಾಳೆ. ಆ ಪುಡಿ ಎಂತದ್ದು ಎಂದು ನೋಡುವವರು ಕಡಿಮೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರಕಾರವೇ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ಸಿಕ್ಕಿದ್ದರಲ್ಲಿ ರೋಡಮೈನ್-ಬಿ ಇತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ರಸ್ತೆಬದಿಯ ಗೋಬಿಗೆ ಬೇಡವಾದದ್ದು ಸ್ವಾತಂತ್ರ್ಯ ದಿನದ ಹೆಸರಿನಲ್ಲಿ ಮಕ್ಕಳ ಹೊಟ್ಟೆಗೆ ಯಾಕೆ? ಮಾಡಲೇಬೇಕೆಂದಿದ್ದರೆ ಕ್ಯಾರೆಟ್ ರಸದಲ್ಲಿ ಕೇಸರಿ ಬರುತ್ತದೆ, ಬಸಳೆ ಸೊಪ್ಪೋ ಪುದೀನವೋ ರುಬ್ಬಿದರೆ ಹಸಿರು. ಪತ್ತಿರ್ ಹಿಟ್ಟನ್ನೇ ಮೂರು ಪಾಲು ಮಾಡಿ ಹೀಗೆ ಕಲಸಿದ ಮನೆಗಳು ಉಂಟು, ನೋಡಲು ಮಾಸಲು, ತಿನ್ನಲು ಚೆಂದ. ಬಹುಮಾನ ಮಾತ್ರ ಹೊಳೆಯುವ ಬಣ್ಣಕ್ಕೇ ಹೋಗುತ್ತದೆ, ಅದಕ್ಕೆ ತೀರ್ಪುಗಾರರನ್ನು ಕೇಳಬೇಕು!

ಧ್ವಜವನ್ನೇ ತಿಂಡಿಯ ಮೇಲೆ ಬಿಡಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. 2013ರಲ್ಲಿ ಕೊಯಮತ್ತೂರಿನಲ್ಲಿ ಕ್ರಿಸ್ಮಸ್ ಸಮಾರಂಭವೊಂದರಲ್ಲಿ ತ್ರಿವರ್ಣದ ಭಾರತದ ನಕ್ಷೆ, ನಡುವೆ ಅಶೋಕ ಚಕ್ರ ಇದ್ದ ದೊಡ್ಡ ಕೇಕ್ ಕತ್ತರಿಸಿದರು, ಪ್ರಕರಣ ಕೋರ್ಟಿಗೆ ಹೋಯಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದು ಅವಮಾನದ ಉದ್ದೇಶದಿಂದ ಮಾಡಿದ್ದಲ್ಲ, ಅಪರಾಧವಲ್ಲ ಎಂದು ಪ್ರಕರಣ ರದ್ದು ಮಾಡಿತು. ಕಾನೂನಿನಲ್ಲಿ ಅಲ್ಲಿಗೆ ಮುಗಿಯಿತು. ಆದರೂ ನಮ್ಮ ಮದ್ರಸಗಳಲ್ಲಿ ಇದನ್ನು ಮಾಡದಿರುವುದೇ ವಾಸಿ ಎಂದು ನಾನು ಹೇಳುವವ. ಏಳು ವರ್ಷ ಕೋರ್ಟಿಗೆ ನಡೆಯುವ ತ್ರಾಣ ಯಾವ ಜಮಾಅತ್‌ಗೆ ಉಂಟು? ಧ್ವಜ ಸಂಹಿತೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವು ಹೆಚ್ಚು ಗಮನಿಸಬೇಕು. ಸಮಾರಂಭಕ್ಕೆ ಬಳಸಿದ ಕಾಗದದ ಬಾವುಟಗಳನ್ನು ನೆಲಕ್ಕೆ ಬಿಸಾಡಬಾರದು, ಗೌರವದಿಂದ, ಖಾಸಗಿಯಾಗಿ ವಿಲೇವಾರಿ ಮಾಡಬೇಕು. ಲಡ್ಡಿಗೆ ಕಡ್ಡಿಯಲ್ಲಿ ಚುಚ್ಚಿ ಕೊಟ್ಟ ಬಾವುಟ ಮಗುವಿನ ಕೈಯಿಂದ ಎಲ್ಲಿಗೆ ಹೋಗುತ್ತದೆ? ಚರಂಡಿಗೆ. ಹತ್ತಕ್ಕೆ ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ದಾರಿಯನ್ನು ನೋಡಿದವರಿಗೆ ಇದು ಗೊತ್ತು. ಕಾರಣ ಸರಳ: ಸಿಹಿಗೆ ಬಾವುಟ ಚುಚ್ಚಬೇಡಿ. ಎದೆಗೆ ಚುಚ್ಚಿಕೊಳ್ಳುವ ಬಾವುಟವನ್ನು ಸಂಜೆ ಮನೆಗೆ ತಂದು ಪುಸ್ತಕದೊಳಗೆ ಇಡಲು ಹೇಳಿ.

ಹೇಳಲು ಸ್ವಲ್ಪ ಕಷ್ಟದ ವಿಷಯವೂ ಒಂದು ಉಂಟು. ಈಗ ಮದ್ರಸದಲ್ಲಿ ಪಾಯಸ ಹಂಚುವುದಕ್ಕಿಂತ ಮೊದಲು ಫೋಟೋ. ಸೌಟು ಎತ್ತಿ ಹಿಡಿದು ಒಂದು, ಮಗುವಿನ ಲೋಟಕ್ಕೆ ಸುರಿಯುವಂತೆ ಒಂದು, ಹಿಂದೆ ಬಾವುಟ ಕಾಣಬೇಕು, ಟೊಪ್ಪಿಯೂ ಕಾಣಬೇಕು. ಮಕ್ಕಳು ಲೋಟ ಹಿಡಿದು ಕಾಯುತ್ತಾರೆ, ಪಾಯಸ ಆರುತ್ತದೆ. ಇದರ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ನಮ್ಮನ್ನು ಕೇಳುವ ಕಾಲ ಇದು, ಕೇಳುವ ಮೊದಲೇ ತೋರಿಸಿಬಿಡೋಣ ಎಂಬ ಆತುರ. ಆದರೆ ನಮ್ಮ ಹಿರಿಯರು ದಶಕಗಳ ಕಾಲ ಯಾವ ಫೋಟೋ ಇಲ್ಲದೆ ಈ ಅಂಗಳಗಳಲ್ಲಿ ಧ್ವಜ ಹಾರಿಸಿ ಮಿಠಾಯಿ ಹಂಚಿದ್ದಾರೆ. ಆಗಸ್ಟ್ 15ರ ಸಿಹಿ ನಮ್ಮ ಮಕ್ಕಳ ಪಾಲು, ಅವರು ಅದಕ್ಕೆ ಯಾರಿಗೂ ರಶೀದಿ ಕೊಡಬೇಕಾಗಿಲ್ಲ. ಒಂದು ಫೋಟೋ ಸಾಕು, ಅದೂ ಮಕ್ಕಳು ಉಂಡು ಬಾಯಿ ಒರೆಸಿಕೊಂಡ ಮೇಲೆ.

ಇನ್ನು ಬರುವ ವರ್ಷಗಳ ಲೆಕ್ಕ. 2029ರ ಜನವರಿ 26 ಶುಕ್ರವಾರ, ಆಗ ರಮಝಾನಿನ ಮೊದಲ ಹತ್ತು ಮುಗಿಯುವ ಹೊತ್ತು. 2030ರ ಜನವರಿ 26 ಶನಿವಾರ, ಆಗ ಕೊನೆಯ ಹತ್ತು ಶುರುವಾಗಿರುತ್ತದೆ. ಚಂದ್ರದರ್ಶನಕ್ಕೆ ತಕ್ಕಂತೆ ಒಂದು ದಿನ ಆಚೀಚೆ ಆಗಬಹುದು. ಆ ಎರಡು ವರ್ಷ ಗಣರಾಜ್ಯೋತ್ಸವಕ್ಕೆ ಪಾಯಸ ಬೇಡ, ಕಿಸೆಯಲ್ಲಿ ಮನೆಗೆ ಕೊಂಡುಹೋಗುವಂಥ ಲಡ್ಡೋ ಚಿಕ್ಕಿಯೋ ಇರಲಿ ಎಂದು ಶಾಲಾ ಸಮಿತಿಗಳಲ್ಲಿರುವ ನಮ್ಮ ಪೋಷಕರು ಡಿಸೆಂಬರ್ ಸಭೆಯಲ್ಲೇ ಹೇಳಿದರೆ ಅಧ್ಯಾಪಕರಿಗೂ ಅನುಕೂಲ. ಎಣ್ಣೆ ಹೀರುವ ದಪ್ಪ ಕಾಗದ ತರಿಸುವ ಜವಾಬ್ದಾರಿಯನ್ನು ನಾವೇ ವಹಿಸಿಕೊಳ್ಳಬಹುದು. 2031ರಲ್ಲಿ ಪೆರ್ನಾಲ್ ಮುಗಿದು ಒಂದೆರಡು ದಿನಕ್ಕೇ ಜನವರಿ 26. ಆ ವರ್ಷ ಮನೆಯಲ್ಲಿ ಉಳಿದ ಪೆರ್ನಾಲಿನ ತಿಂಡಿಯನ್ನೇ ಮಕ್ಕಳು ಡಬ್ಬಿಯಲ್ಲಿ ತುಂಬಿಸಿ ಶಾಲೆಗೆ ಕೊಂಡುಹೋಗುತ್ತಾರೆ.